ಜಾರುವ ಬಚ್ಚಲಿಗೆ ಹೊಸ ನೆಲ: ಎರಡು ಮೂಟೆ ಸಿಮೆಂಟಿನ ಕೆಲಸ

ಸಹೋದರಿಯರೇ, ಕೊಟ್ಟಿಗೆಯ ನೆಲ ಹೇಗಿರಬೇಕು ಎಂಬುದು ನಿಮಗೆ ಹೊಸ ವಿಷಯವಲ್ಲ. ಹಸು ಜಾರಬಾರದು, ಗಂಜಲ ನಿಲ್ಲಬಾರದು, ಇಳಿಜಾರು ಸರಿಯಿರಬೇಕು ಎಂದು ಸಂಘದ ಸಭೆಯಲ್ಲೂ ತರಬೇತಿಯಲ್ಲೂ ಕೇಳಿದ್ದೀರಿ, ಎಷ್ಟೋ ಜನ ಮಾಡಿಸಿಯೂ ಇದ್ದೀರಿ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ ಬಂದು ನೀವು ಕೈಕಾಲು ತೊಳೆಯುವ ಬಚ್ಚಲಿನ ನೆಲ ಹೇಗಿದೆ? ಹಸುವಿನ ಕಾಲಿಗೆ ರಬ್ಬರ್ ಮ್ಯಾಟ್ ಹಾಸಿದ ಮನೆಯಲ್ಲೇ ಅತ್ತೆ ಬಚ್ಚಲಲ್ಲಿ ಗೋಡೆ ಹಿಡಿದುಕೊಂಡು ನಡೆಯುತ್ತಿರುತ್ತಾರೆ.

ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದರೆ ಸೊಂಟದ ಮೂಳೆ ಮುರಿಯುವುದು ಹೆಚ್ಚು. ಆಮೇಲೆ ಆಪರೇಷನ್, ತಿಂಗಳುಗಟ್ಟಲೆ ಹಾಸಿಗೆ, ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು. ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ. ಬಸುರಿ ಹೆಣ್ಣುಮಕ್ಕಳಿರುವ ಮನೆಯಲ್ಲಿ ಈ ಭಯ ಇನ್ನೂ ಹೆಚ್ಚು. ಇನ್ನೊಂದು ವಿಷಯವೂ ಇದೆ. ನಮ್ಮ ಬಹಳಷ್ಟು ಮನೆಗಳಲ್ಲಿ ಹಾಲಿನ ಪಾತ್ರೆ, ಕ್ಯಾನು ತೊಳೆಯುವುದೂ ಬಚ್ಚಲಲ್ಲೇ. ಬಿರುಕಿನಲ್ಲಿ ಕೊಳೆ ನೀರು ನಿಂತ ನೆಲದ ಮೇಲೆ ತೊಳೆದ ಪಾತ್ರೆಯನ್ನು ಬೋರಲು ಹಾಕಿದರೆ ತೊಳೆದದ್ದು ವ್ಯರ್ಥ. ಬ್ಯಾಕ್ಟೀರಿಯಾ ಹೆಚ್ಚಿದ ಹಾಲು ಎಂ.ಬಿ.ಆರ್.ಟಿ. ಪರೀಕ್ಷೆಯಲ್ಲಿ ಬೇಗ ಬಣ್ಣ ಕಳೆದುಕೊಳ್ಳುತ್ತದೆ. ಕೆಚ್ಚಲು ತೊಳೆದಿದ್ದೇವೆ, ಕೈ ತೊಳೆದಿದ್ದೇವೆ, ಆದರೂ ಹಾಲಿನ ಗುಣಮಟ್ಟ ಏಕೆ ಬರುತ್ತಿಲ್ಲ ಎಂದು ಕೇಳುವವರು ಒಮ್ಮೆ ಪಾತ್ರೆ ಇಡುವ ಜಾಗವನ್ನೂ ನೋಡಬೇಕು.

ನೆಲ ತೆಗೆಸುವುದು ಎಂದ ಕೂಡಲೇ ಟೈಲ್ಸ್, ಗೋಡೆಗೆಲ್ಲ ಬಣ್ಣ, ಹೊಸ ನಲ್ಲಿ ಎಂದು ದೊಡ್ಡ ಲೆಕ್ಕ ಕಣ್ಣಿಗೆ ಬಂದು ಕೆಲಸ ಮುಂದಕ್ಕೆ ಹೋಗುತ್ತದೆ. ನಾಲ್ಕಡಿ ಐದಡಿಯ ಬಚ್ಚಲಿಗೆ ಅಷ್ಟೆಲ್ಲ ಬೇಡ.

ಮೊದಲು ನೆಲವನ್ನು ತಟ್ಟಿ ನೋಡಿ

ಎಲ್ಲ ನೆಲವನ್ನೂ ಕೀಳಬೇಕಾಗಿಲ್ಲ. ಮೇಸ್ತ್ರಿಯನ್ನು ಕರೆಯುವ ಮೊದಲು ನೀವೇ ಒಂದು ಸಂಜೆ ಪರೀಕ್ಷೆ ಮಾಡಿ. ನೆಲ ಒಣಗಿದ ಮೇಲೆ ಒಂದು ಕೋಲಿನಿಂದ ಅಡಿಗೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ನೆಲ ಟಣ್ ಎನ್ನುತ್ತದೆ. ಕೆಳಗೆ ಮಣ್ಣು ಕೊಚ್ಚಿಹೋಗಿದ್ದರೆ ಅಥವಾ ಹೆಗ್ಗಣ ಬಿಲ ತೋಡಿದ್ದರೆ ಡೊಳ್ಳು ಸದ್ದು ಬರುತ್ತದೆ. ಆಮೇಲೆ ಬಚ್ಚಲ ತೂಬಿಗೆ ಒದ್ದೆ ಬಟ್ಟೆಯನ್ನು ಬಿಗಿಯಾಗಿ ತುರುಕಿ, ಅರ್ಧ ಇಂಚು ನೀರು ನಿಲ್ಲುವಷ್ಟು ಸುರಿದು, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮಲಗಿ. ಬೆಳಿಗ್ಗೆ ನೀರು ಗೆರೆಗಿಂತ ಚೆನ್ನಾಗಿ ಕೆಳಗಿಳಿದಿದ್ದರೆ ಅದು ನೆಲದೊಳಗೆ ಇಂಗುತ್ತಿದೆ ಎಂದರ್ಥ. ಪಕ್ಕದ ಕೋಣೆಯ ಗೋಡೆ ಮೊಣಕಾಲೆತ್ತರದವರೆಗೆ ತೇವ ಹಿಡಿದು ಸುಣ್ಣ ಉದುರುವುದಕ್ಕೆ ಕಾರಣ ಮಳೆಯಲ್ಲ, ಈ ನೀರೇ.

ನೆಲ ಗಟ್ಟಿಯಾಗಿದ್ದು, ನೀರು ಇಂಗದೆ, ಬರೀ ಪಾಚಿ ಕಟ್ಟಿ ಜಾರುತ್ತಿದ್ದರೆ ಖರ್ಚೇ ಇಲ್ಲ. ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕಲಸಿ ಬಳಿದು, ಕಾಲು ಗಂಟೆ ಬಿಟ್ಟು, ತೆಂಗಿನ ಪೊರಕೆಯಿಂದ ಉಜ್ಜಿ ತೊಳೆಯಿರಿ, ಬಾಗಿಲು ತೆರೆದಿರಲಿ. ಬ್ಲೀಚಿಂಗ್ ಜೊತೆಗೆ ಆಸಿಡನ್ನಾಗಲಿ, ಟಾಯ್ಲೆಟ್ ತೊಳೆಯುವ ದ್ರಾವಣವನ್ನಾಗಲಿ ಎಂದೂ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ, ಚಿಕ್ಕ ಬಚ್ಚಲಲ್ಲಿ ಉಸಿರು ಕಟ್ಟಿಬಿಡುತ್ತದೆ. ಬರೀ ಆಸಿಡ್ ಕೂಡ ಬೇಡ, ಅದು ಪಾಚಿಯ ಜೊತೆ ಸಿಮೆಂಟನ್ನೂ ತಿನ್ನುತ್ತದೆ. ಆಸಿಡ್ ಹಾಕಿ ಹಾಕಿಯೇ ಎಷ್ಟೋ ಬಚ್ಚಲ ನೆಲ ಇಂದು ಈ ಗತಿಗೆ ಬಂದಿರುವುದು.

ಶಹಾಬಾದ್ ಅಥವಾ ಕಡಪ ಕಲ್ಲಿನ ನೆಲವಾಗಿದ್ದು, ಕಲ್ಲುಗಳು ಅಲುಗಾಡದೆ ಸಂದು ಮಾತ್ರ ಬಿಟ್ಟಿದ್ದರೆ, ಸಂದಿನಲ್ಲಿರುವ ಸಡಿಲ ಗಾರೆಯನ್ನು ಉಳಿಯಿಂದ ಒಂದು ಬೆರಳು ಆಳ ಕೆರೆದು, ತೊಳೆದು, ಒಂದಕ್ಕೆ ಮೂರು ಪಾಲಿನ ಸಿಮೆಂಟು ಗಾರೆ ತುಂಬಿಸಿ. ಅರ್ಧ ದಿನದ ಕೆಲಸ ಅದು. ಡೊಳ್ಳು ಸದ್ದು ಬಂದರೆ, ನೆಲ ಕುಸಿದಿದ್ದರೆ, ನೀರು ಇಂಗುತ್ತಿದ್ದರೆ ಮಾತ್ರ ಪೂರ್ತಿ ಕೀಳಬೇಕು. ಅಂಥ ನೆಲದ ಮೇಲೆಯೇ ಇನ್ನೊಂದು ಪದರ ಗಾರೆ ಅಥವಾ ಟೈಲ್ಸ್ ಹಾಕಿ ಮುಚ್ಚಿಬಿಡೋಣ ಎನ್ನುವವರ ಮಾತು ಕೇಳಬೇಡಿ. ಕೆಳಗೆ ಹಿಡಿತವಿಲ್ಲದಿದ್ದರೆ ಮೇಲಿನದ್ದು ಒಂದೆರಡು ವರ್ಷದಲ್ಲಿ ಬಿರಿಯುತ್ತದೆ, ಹಣ ಎರಡು ಸಲ ಹೋಗುತ್ತದೆ.

ಎಷ್ಟು ಸಾಮಾನು ಬೇಕು

ಬಚ್ಚಲು ನಾಲ್ಕಡಿ ಅಗಲ, ಐದಡಿ ಉದ್ದ ಎಂದಿಟ್ಟುಕೊಳ್ಳಿ, 20 ಚದರಡಿ. ಕೆಳಗೆ ಮೂರು ಇಂಚು ಜಲ್ಲಿ ಕಾಂಕ್ರೀಟು, ಮೇಲೆ ಒಂದು ಇಂಚು ಗಾರೆ. ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. 50 ಕೆ.ಜಿ.ಯ ಒಂದು ಮೂಟೆ ಸಿಮೆಂಟು ಸುಮಾರು ಒಂದೂಕಾಲು ಘನ ಅಡಿ ಬರುತ್ತದೆ. ಹಾಗಾಗಿ ಒಂದು ಮೂಟೆಗೆ ಎರಡೂವರೆ ಅಡಿ ಮರಳು, ಐದಡಿ ಜಲ್ಲಿ. ಇಷ್ಟರಲ್ಲಿ ಮೂರು ಇಂಚಿನ ಪದರ ಮುಗಿದು ಸ್ವಲ್ಪ ಉಳಿಯುತ್ತದೆ. ಇನ್ನೊಂದು ಮೂಟೆ ಸಿಮೆಂಟು ಮತ್ತು ನಾಲ್ಕೂವರೆ ಅಡಿ ಮರಳು ಮೇಲಿನ ಗಾರೆಗೆ, ಸುತ್ತಲ ಗೋಡೆಯ ಬುಡಕ್ಕೆ ಒಂದಡಿ ಎತ್ತರದ ಗಿಲಾವಿಗೆ, ಹೊಸ್ತಿಲಿಗೆ ಸಾಕು. ಒಟ್ಟು ಎರಡು ಮೂಟೆ ಸಿಮೆಂಟು, ಏಳಡಿ ಮರಳು, ಐದಡಿ ಜಲ್ಲಿ.

ಇಷ್ಟಕ್ಕಾಗಿ ಟ್ರ್ಯಾಕ್ಟರ್ ಲೋಡು ತರಿಸಬೇಡಿ. ಪಶು ಆಹಾರದ ಖಾಲಿ ಚೀಲ ಮನೆಯಲ್ಲಿ ಇದ್ದೇ ಇರುತ್ತದೆ. ಒಂದು ಘನ ಅಡಿ ಮರಳು ಸುಮಾರು 45 ಕೆ.ಜಿ. ತೂಗುತ್ತದೆ. ಅಂದರೆ ಒಂದು ಚೀಲಕ್ಕೆ ಒಂದಡಿಯಂತೆ ಏಳು ಚೀಲ ಮರಳು, ಐದು ಚೀಲ ಜಲ್ಲಿ. ಊರಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಅವರಿಂದಲೇ ಹಣ ಕೊಟ್ಟು ತೆಗೆದುಕೊಳ್ಳಬಹುದು. ಅಳತೆಗೆ ಬಾಂಡಲಿಯೋ ಹಳೆ ಬಕೆಟ್ಟೋ ಇರಲಿ, ದಯವಿಟ್ಟು ಹಾಲಿನ ಕ್ಯಾನು ಮಾತ್ರ ಬೇಡ! ಒಳಗೆ ಗೀರು ಬಿದ್ದ ಕ್ಯಾನು ಮತ್ತೆಂದೂ ಪೂರ್ತಿ ಶುಚಿಯಾಗುವುದಿಲ್ಲ.

ದರ ಊರಿಂದ ಊರಿಗೆ ಬೇರೆ. ಲೆಕ್ಕ ಹೇಗೆ ಹಾಕುವುದು ಎಂದು ತೋರಿಸಲು ಒಂದು ಅಂದಾಜು ಹಿಡಿಯೋಣ. ಸಿಮೆಂಟು ಮೂಟೆಗೆ 400 ರೂ. ಆದರೆ ಎರಡಕ್ಕೆ 800. ಮರಳು, ಜಲ್ಲಿ ಹನ್ನೆರಡು ಚೀಲ, ಚೀಲಕ್ಕೆ 60 ರೂ.ನಂತೆ 720. ಪೈಪು, ಟ್ರ್ಯಾಪು, ಜಾಲರಿಗೆ 500. ನೀರು ತಡೆಯುವ ದ್ರಾವಣಕ್ಕೆ 200. ಮೇಸ್ತ್ರಿಗೆ ಎರಡು ದಿನ, ದಿನಕ್ಕೆ 1,000 ರೂ.ನಂತೆ 2,000. ಒಟ್ಟು 4,220 ರೂ. ಆಯಿತು. ನಿಮ್ಮೂರಿನ ದರ ಹಾಕಿ ಇದೇ ರೀತಿ ಕೂಡಿಕೊಳ್ಳಿ. ಆಳಿನ ಕೂಲಿ ಇದರಲ್ಲಿ ಸೇರಿಲ್ಲ, ಏಕೆಂದರೆ ಹಳೆ ನೆಲ ಅಗೆಯುವುದು, ಮಣ್ಣು ಹೊರುವುದು, ನೀರು ಹಾಕುವುದು ಮನೆಯವರೇ ಮಾಡಬಹುದಾದ ಕೆಲಸ. ಗಂಡಸರೂ ಮನೆಯವರೇ ಎಂಬುದನ್ನು ಇಲ್ಲಿ ನೆನಪಿಸುವುದು ಒಳ್ಳೆಯದು.

ಇಷ್ಟು ಮೊತ್ತಕ್ಕಾಗಿ ವಾರದ ಕಂತಿನ ಸಾಲಕ್ಕೆ ಕೈಹಾಕಬೇಡಿ. ಒಂದು ಬಟವಾಡೆಯಲ್ಲಿ ಪೈಪು, ಟ್ರ್ಯಾಪು ತಂದಿಡಿ. ಇನ್ನೊಂದರಲ್ಲಿ ಮರಳು, ಜಲ್ಲಿ. ಸಿಮೆಂಟು ಮಾತ್ರ ಕೆಲಸದ ಹಿಂದಿನ ದಿನ ತನ್ನಿ. ಕೊಟ್ಟಿಗೆಯ ಮೂಲೆಯಲ್ಲಿ ತಿಂಗಳು ಇಟ್ಟ ಸಿಮೆಂಟು ತೇವಕ್ಕೆ ಗಂಟಾಗುತ್ತದೆ, ಗಂಟನ್ನು ಪುಡಿ ಮಾಡಿ ಹಾಕಿದರೆ ಬಲ ಬರುವುದಿಲ್ಲ.

ಕೀಳುವುದು, ತುಂಬುವುದು

ಮಳೆಗಾಲದ ನಡುವೆ ಈ ಕೆಲಸ ಬೇಡ, ಕೆಳಗಿನ ಮಣ್ಣು ಒಣಗುವುದಿಲ್ಲ. ಹಸು ಕರು ಹಾಕುವ ದಿನ ಹತ್ತಿರವಿದ್ದಾಗಲೂ ಬೇಡ. ಹತ್ತು ದಿನಕ್ಕೂ ಹೆಚ್ಚು ಕಾಲ ಬಚ್ಚಲು ಇರುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕಿ, ಹಿತ್ತಿಲಲ್ಲಿ ನಾಲ್ಕು ಗಳ ನೆಟ್ಟು ಟಾರ್ಪಾಲು ಸುತ್ತಿ ಮರೆ ಮಾಡಿಕೊಳ್ಳಿ. ಇದನ್ನು ಮರೆತು ಕೆಲಸ ಶುರು ಮಾಡಿದ ಮನೆಗಳಲ್ಲಿ ಮೂರನೇ ದಿನವೇ ಹಸಿ ನೆಲದ ಮೇಲೆ ಸ್ನಾನ ಶುರುವಾಗುತ್ತದೆ, ಹಾಕಿದ ದುಡ್ಡು ಅಲ್ಲಿಗೆ ತೊಳೆದುಹೋಗುತ್ತದೆ.

ಅಗೆಯುವ ಮುನ್ನ ನೀರಿನ ಪೈಪು ಎಲ್ಲಿ ಹಾದಿದೆ ನೋಡಿ. ಬಚ್ಚಲಿಗೆ ಕರೆಂಟಿದ್ದರೆ ಮೇನ್ ಆಫ್ ಮಾಡಿ. ಹಾರೆ ಮೀಟಿ ಎದ್ದ ಕಲ್ಲು ಚಪ್ಪಡಿಗಳನ್ನು ಎಸೆಯಬೇಡಿ, ಹೊರಗೆ ಬಟ್ಟೆ ಒಗೆಯುವ ಕಟ್ಟೆಗೆ ಆಗುತ್ತವೆ. ಒಡೆದ ಕಾಂಕ್ರೀಟು, ಇಟ್ಟಿಗೆ ಚೂರನ್ನು ಪಕ್ಕಕ್ಕೆ ರಾಶಿ ಹಾಕಿ. ಅಡಿಯ ಕೊಚ್ಚೆ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆದು, ಹೆಗ್ಗಣದ ಬಿಲವನ್ನು ಕಲ್ಲು, ಗಾಜಿನ ಚೂರು ಜಡಿದು ಮುಚ್ಚಿ. ಒಂದೆರಡು ದಿನ ಗಾಳಿಗೆ ಬಿಡಿ. ಆಮೇಲೆ ಅದೇ ಒಡೆದ ಚೂರು ಮತ್ತು ಗರಸು ಮಣ್ಣನ್ನು ಒಂದು ಗೇಣಿಗಿಂತ ಕಡಿಮೆ ದಪ್ಪದ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಹೊಡೆದು, ಮತ್ತೊಂದು ಪದರ ಹಾಕಿ. ಒಂದೇ ಸಲ ತುಂಬಿ ಮೇಲೆ ಮಾತ್ರ ಬಡಿದರೆ ಕೆಳಗೆ ಪೊಳ್ಳು ಉಳಿಯುತ್ತದೆ, ನೆಲ ಮತ್ತೆ ಕೂರುತ್ತದೆ. ಬೂದಿ, ಕಸ, ಸಗಣಿ ಬೆರೆತ ಮಣ್ಣು ತುಂಬಲೇಬೇಡಿ.

ತುಂಬಿದ ಮೇಲೂ ಹೊಸ ನೆಲಕ್ಕೆ ನಾಲ್ಕು ಇಂಚು ಜಾಗ ಬೇಕು, ಮುಗಿದ ಬಚ್ಚಲ ನೆಲ ಮನೆಯ ಒಳನೆಲಕ್ಕಿಂತ ಒಂದು ಇಂಚಾದರೂ ತಗ್ಗಿರಬೇಕು. ಮಣ್ಣು ತುಂಬುವಾಗಲೇ ಈ ಐದು ಇಂಚಿನ ಲೆಕ್ಕ ಇಟ್ಟುಕೊಳ್ಳಿ.

ಇಳಿಜಾರು ಮತ್ತು ತೂಬು

ಇಡೀ ಕೆಲಸದ ಜೀವ ಇಲ್ಲಿದೆ. ಉಳಿದದ್ದರಲ್ಲಿ ಹಣ ಉಳಿಸಿ, ಇಲ್ಲಿ ಉಳಿಸಬೇಡಿ.

ಹಳೆ ಮನೆಗಳಲ್ಲಿ ತೂಬು ಎಂದರೆ ಗೋಡೆಯ ಬುಡದಲ್ಲಿ ಒಂದು ಕಿಂಡಿ. ಅದರಲ್ಲಿ ನೀರು ಹೊರಗೆ ಹೋಗುತ್ತದೆ, ಹೆಗ್ಗಣ, ಜಿರಳೆ, ಒಮ್ಮೊಮ್ಮೆ ಹಾವು ಒಳಗೆ ಬರುತ್ತವೆ. ಅದರ ಬದಲು ನಹಾನಿ ಟ್ರ್ಯಾಪ್ ಹಾಕಿಸಿ. ಇದೊಂದು ಚಿಕ್ಕ ಬಟ್ಟಲಿನಂಥ ಸಾಧನ, ಒಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಬಾಗಿಲಿನಂತೆ ಕೆಲಸ ಮಾಡಿ ವಾಸನೆಯನ್ನೂ ಹುಳುವನ್ನೂ ತಡೆಯುತ್ತದೆ. ಮೇಲೆ ಜಾಲರಿ. ಕೂದಲು, ಸೋಪಿನ ಚೂರು ಜಾಲರಿಯಲ್ಲಿ ನಿಲ್ಲುವುದರಿಂದ ವಾರಕ್ಕೊಮ್ಮೆ ಎತ್ತಿ ತೊಳೆಯುವಂತಿರಬೇಕು, ಗಾರೆಯಲ್ಲಿ ಹೂತು ಹಾಕಿಸಬೇಡಿ. ಅಲ್ಲಿಂದ ಮೂರು ಇಂಚಿನ ಪಿ.ವಿ.ಸಿ. ಪೈಪು ಇಳಿಜಾರಾಗಿ ಹೊರಗೆ ಹೋಗಲಿ.

ನೆಲದ ಇಳಿಜಾರು ಅಡಿಗೆ ಕಾಲು ಇಂಚು ಇದ್ದರೆ ಸಾಕು. ತೂಬಿನಿಂದ ಐದಡಿ ದೂರದ ಮೂಲೆ ತೂಬಿಗಿಂತ ಒಂದೂಕಾಲು ಇಂಚು ಎತ್ತರ ಇರಬೇಕು, ಅಷ್ಟೇ. ಇದಕ್ಕಿಂತ ಹೆಚ್ಚಾದರೆ ನಿಂತವರಿಗೆ ಕಾಲು ಜಾರುತ್ತದೆ, ಹಂಡೆ, ಬಕೆಟ್ಟು ವಾಲುತ್ತವೆ. ಮೇಸ್ತ್ರಿ ಕಾಂಕ್ರೀಟು ಹಾಕುವ ಮೊದಲೇ ನಾಲ್ಕು ಗೋಡೆಗೂ ಮಟ್ಟದ ಗೆರೆ ಹೊಡೆಸಿ, ಆ ಗೆರೆಯಿಂದ ಕೆಳಕ್ಕೆ ಅಳೆದು ಗುರುತು ಹಾಕಿಸಿ. ಮೇಲಿನ ಗಾರೆಯಲ್ಲಿ ಇಳಿಜಾರು ಕೊಡ್ತೀನಿ ಬಿಡಮ್ಮ ಎಂದರೆ ಒಪ್ಪಬೇಡಿ. ಕಾಂಕ್ರೀಟಿನಲ್ಲೇ ಇಳಿಜಾರು ಬರಬೇಕು, ಇಲ್ಲವಾದರೆ ತೂಬಿನ ಹತ್ತಿರ ಗಾರೆ ಹಪ್ಪಳದಷ್ಟು ತೆಳುವಾಗಿ ಮೊದಲು ಅಲ್ಲೇ ಏಳುತ್ತದೆ.

ಕಾಂಕ್ರೀಟು ಕಲಸುವಾಗ ನೀರು ಹಿಡಿತದಲ್ಲಿರಲಿ. ಒಂದು ಮೂಟೆ ಸಿಮೆಂಟಿಗೆ ಸುಮಾರು 25 ಲೀಟರ್, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಸಾರಿನಂತೆ ಹರಿಯುವ ಕಾಂಕ್ರೀಟು ಹಾಕಲು ಸುಲಭ, ಆದರೆ ಒಣಗಿದ ಮೇಲೆ ಬಿರಿಯುತ್ತದೆ.

ಮರುದಿನ ಕಾಂಕ್ರೀಟನ್ನು ನೆನೆಸಿ, ಸಿಮೆಂಟು ಹಾಲು ಬಳಿದು, ಒಂದಕ್ಕೆ ಮೂರೂವರೆ ನಾಲ್ಕು ಪಾಲಿನ ಗಾರೆ ಹಾಕಿಸಿ. ನೀರು ತಡೆಯುವ ದ್ರಾವಣವನ್ನು ಈ ಗಾರೆಗೆ ಡಬ್ಬಿಯ ಮೇಲೆ ಬರೆದಿರುವ ಅಳತೆಯಲ್ಲೇ ಸೇರಿಸಬೇಕು, ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂಬುದಿಲ್ಲ. ನೆಲ ಮತ್ತು ಗೋಡೆ ಸೇರುವ ಮೂಲೆಯನ್ನು ಚೌಕವಾಗಿ ಬಿಡದೆ ಬಾಟಲಿಯ ಹೊಟ್ಟೆ ಒತ್ತಿದಂತೆ ದುಂಡಗೆ ಮಾಡಿಸಿ, ಗೋಡೆಯ ಮೇಲೆ ಒಂದಡಿ ಎತ್ತರದವರೆಗೆ ಗಾರೆ ಎಳೆಸಿ. ನೀರು ಇಳಿಯುವುದು ಹೆಚ್ಚಾಗಿ ಆ ಮೂಲೆಯ ಸಂದಿನಲ್ಲೇ. ಬಚ್ಚಲಲ್ಲಿ ಸೌದೆ ಒಲೆ, ಹಂಡೆ ಇದ್ದರೆ ಒಲೆಯ ಕೆಳಗೂ ಬಾಯಿಯ ಮುಂದೂ ಒಂದು ಕಲ್ಲು ಚಪ್ಪಡಿ ಕೂರಿಸಿ. ಬೆಂಕಿಯ ಕಾವಿಗೆ ಹೊಸ ಗಾರೆ ಬಿರುಕು ಬಿಡುತ್ತದೆ.

ಇನ್ನು ಕೊನೆಯ ಕೈ. ಬಹಳಷ್ಟು ಮೇಸ್ತ್ರಿಗಳು ಗಾರೆಯ ಮೇಲೆ ಒಣ ಸಿಮೆಂಟು ಉದುರಿಸಿ ಕನ್ನಡಿಯಂತೆ ನಯ ಮಾಡಿ ತೋರಿಸಲು ಇಷ್ಟಪಡುತ್ತಾರೆ. ನೋಡಲು ಚೆಂದ, ಸೋಪು ನೀರು ಬಿದ್ದರೆ ಅಷ್ಟೇ ಅಪಾಯ. ನಯ ಮಾಡಬೇಡಿ ಎಂದು ಮೊದಲೇ ಹೇಳಿ. ಗಾರೆ ಅರ್ಧ ಬಿಗಿದಾಗ ತೆಂಗಿನ ಪೊರಕೆಯನ್ನು ತೂಬಿನ ಕಡೆಗೆ ಹಗುರವಾಗಿ ಎಳೆದರೆ ಸಣ್ಣ ಗೆರೆಗಳು ಮೂಡುತ್ತವೆ. ಕೊಟ್ಟಿಗೆಯಲ್ಲಿ ಗೊರಸು ಜಾರದಿರಲಿ ಎಂದು ಗೆರೆ ಹಾಕಿಸುತ್ತೇವಲ್ಲ, ಅದೇ ಉಪಾಯ, ಇನ್ನೂ ನವಿರಾಗಿ. ಅಂಗಾಲಿಗೆ ಹಿಡಿತ ಸಿಗಬೇಕು, ಚುಚ್ಚಬಾರದು.

ಟೈಲ್ಸ್ ಬೇಕೇ ಬೇಕು ಎನ್ನುವವರು ಹೊಳಪಿನದ್ದು ಬಿಟ್ಟು ಒರಟು ಮೈಯ ಮ್ಯಾಟ್ ಟೈಲ್ಸ್, ಒಂದಡಿ ಚೌಕದ್ದು ತೆಗೆದುಕೊಳ್ಳಿ. ಅಂಗಡಿಯಲ್ಲೇ ಒಂದರ ಮೇಲೆ ನೀರು ಚೆಲ್ಲಿ ಅಂಗಾಲಿಟ್ಟು ನೋಡಿ, ನಾಚಿಕೆ ಬೇಡ. 20 ಚದರಡಿಗೆ 22 ಸಾಕು. ದೊಡ್ಡ ಟೈಲ್ಸ್‌ನಲ್ಲಿ ನಾಲ್ಕೂ ಕಡೆಯಿಂದ ಇಳಿಜಾರು ಕೊಡಲಾಗುವುದಿಲ್ಲ. ಅಂಗಡಿಗಳಲ್ಲಿ ಹಿಂದಿನ ಲಾಟಿನಲ್ಲಿ ಮಿಕ್ಕ ಚೂರುಪಾರು ಪೆಟ್ಟಿಗೆಗಳು ಕಡಿಮೆ ಬೆಲೆಗೆ ಸಿಗುತ್ತವೆ, ಬಣ್ಣ ಎರಡಾದರೆ ಬಚ್ಚಲಿಗೇನೂ ಆಗದು.

ನಿಮ್ಮ ಕೈ ಜೋಪಾನ

ಒದ್ದೆ ಸಿಮೆಂಟು ಚರ್ಮವನ್ನು ಸುಡುತ್ತದೆ. ಅರ್ಧ ದಿನ ಬರಿಗೈಯಲ್ಲಿ ಗಾರೆ ಮುಟ್ಟಿದರೆ ರಾತ್ರಿ ಬೆರಳ ತುದಿ ಉರಿ, ಮರುದಿನ ಬಿರುಕು. ಹಾಲು ಕರೆಯುವ ಕೈ ಅದು. ಬಿರಿದ ಬೆರಳಲ್ಲಿ ಕರೆಯುವುದು ನೋವು ಮಾತ್ರವಲ್ಲ, ಗಾಯದಲ್ಲಿರುವ ಬ್ಯಾಕ್ಟೀರಿಯಾ ಮೊಲೆತೊಟ್ಟಿಗೆ ದಾಟಿ ಕೆಚ್ಚಲು ಬಾವಿಗೂ ದಾರಿಯಾಗಬಹುದು. ರಬ್ಬರ್ ಗ್ಲೌಸು ಹಾಕಿಕೊಳ್ಳಿ. ಗಾರೆ ತಾಗಿದರೆ ಕೂಡಲೇ ಸಾಕಷ್ಟು ನೀರಿನಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ. ಕಣ್ಣಿಗೆ ಸಿಡಿದರೆ ನೀರು ಹಾಕಿ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ನೀರು ಕಟ್ಟುವುದು ನಿಮ್ಮ ಪಾಲಿನದು

ಮೇಸ್ತ್ರಿ ಹೋದ ಮರುದಿನದಿಂದ ನೆಲವನ್ನು ಒದ್ದೆಯಾಗಿಡಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿ.ಪಿ.ಸಿ. ಸಿಮೆಂಟು, ಮೂಟೆಯ ಮೇಲೆ ಬರೆದಿರುತ್ತದೆ. ಅದಕ್ಕೆ ಹತ್ತು ದಿನ ಬೇಕು, ಓ.ಪಿ.ಸಿ. ಆದರೆ ಏಳು. ಗೋಣಿಚೀಲ ಹಾಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆನೆಸಿ. ನಾರಿನ ಗೋಣಿ ಸಿಗದಿದ್ದರೆ ನೆಲ ನೆನೆಸಿ ಮೇಲೆ ಪಶು ಆಹಾರದ ಪ್ಲಾಸ್ಟಿಕ್ ಚೀಲ ಮುಚ್ಚಿ, ತೇವ ಆರುವುದಿಲ್ಲ. ಅಷ್ಟೂ ದಿನ ಸೋಪು, ಬಿಸಿನೀರು, ಹಂಡೆಯ ಭಾರ ಯಾವುದೂ ಬೇಡ.

ಈ ದಿನಗಳಲ್ಲೇ ಹೊರಗಿನ ನೀರಿನ ದಾರಿಯನ್ನೂ ನೋಡಿಕೊಳ್ಳಿ. ಪೈಪಿನ ಬಾಯಲ್ಲಿ ನೀರು ನಿಂತರೆ ಸೊಳ್ಳೆ, ಮತ್ತೆ ಗೋಡೆಗೆ ತೇವ. ಕಾಲುವೆ ತೆಗೆದು ಬಾಳೆ, ತೆಂಗು ಅಥವಾ ನೇಪಿಯರ್ ಹುಲ್ಲಿನ ಮಡಿಗೆ ಬಿಡಬಹುದು, ಬ್ಲೀಚಿಂಗ್ ಹಾಕಿ ತೊಳೆದ ದಿನ ಮಾತ್ರ ಬೇರೆ ಕಡೆ ತಿರುಗಿಸಿ. ಜಾಗವಿಲ್ಲದವರಿಗೆ ಬಚ್ಚಲು ಗುಂಡಿ ಇದೆ. ಉದ್ಯೋಗ ಖಾತರಿಯಡಿ ಎಷ್ಟೋ ಪಂಚಾಯಿತಿಗಳಲ್ಲಿ ಇದನ್ನು ಮಾಡಿಸಿಕೊಟ್ಟಿದ್ದಾರೆ, ಈಗ ನಿಮಗೆ ಸಿಗುತ್ತದೆಯೇ ಎಂದು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ. ಗುಂಡಿ ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ. ಗೋಬರ್ ಗ್ಯಾಸ್ ತೊಟ್ಟಿಗೆ ಬಚ್ಚಲ ನೀರು ಬಿಡಬೇಡಿ, ಸೋಪು ನೀರಿಗೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ.

ಉಳಿದ ಅರ್ಧ ಬಾಂಡಲಿ ಗಾರೆಯನ್ನು ಮೇಸ್ತ್ರಿ ಅಂಗಳಕ್ಕೆ ಎಸೆಯುವ ಮೊದಲು, ಹೊರಗೆ ಬಿಸಿಲು ಬೀಳುವ ಗೋಡೆಯ ಪಕ್ಕ ಸೊಂಟದೆತ್ತರಕ್ಕೆ ಹಳೆ ಚಪ್ಪಡಿಯೊಂದನ್ನು ಕೂರಿಸಿಕೊಡಲು ಹೇಳಿ. ಹಾಲಿನ ಪಾತ್ರೆ, ಕ್ಯಾನು ತೊಳೆದು ಬೋರಲು ಹಾಕಲು ಅದೇ ಜಾಗ. ಮೇಸ್ತ್ರಿಯ ಕೂಲಿಯಲ್ಲಿ ಸ್ವಲ್ಪ ಹಣ ಹಿಡಿದುಕೊಂಡು, ಎರಡು ದಿನ ಬಿಟ್ಟು ಅವರ ಎದುರಿಗೇ ದೂರದ ಮೂಲೆಯಲ್ಲಿ ಒಂದು ಕೊಡ ನೀರು ಸುರಿಯಿರಿ. ನೀರು ಎಲ್ಲೂ ನಿಲ್ಲದೆ ತೂಬು ಸೇರಿದರೆ ಬಾಕಿ ಕೊಟ್ಟು ಕಳಿಸಿ. ನಿಂತರೆ ಅಲ್ಲೇ ಗುರುತು ಹಾಕಿ ತೋರಿಸಿ, ಗಾರೆ ಪೂರ್ತಿ ಬಲಿಯುವ ಮೊದಲೇ ಸರಿಪಡಿಸಿಕೊಳ್ಳುವುದು ಸುಲಭ.